ಮುಚ್ಚಳಕ್ಕೊಂದು ತೂತು

ಮನೆಯಿಂದ,
ಮಂಗಳವಾರ, ನವೆಂಬರ್ ೧೮

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ಅಮ್ಮನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ನೆಟ್ಟಗಿದೆ. ಭಾವನ ಬೆನ್ನುನೋವು ಹೇಗಿದೆ? ನಿನ್ನ ಮಗಳ ಪರೀಕ್ಷೆ ಮುಗಿಯಿತೇ?

"ತೂತು ಹಾಕ್ತಾರೋ ಇಲ್ವೋ, ಅಷ್ಟು ಬರೆ. ಕಥೆ ಬೇಡ" ಎಂದು ನೀನು ಒಂದೇ ಸಾಲಿನ ಕಾಗದ ಹಾಕಿ ತಿಂಗಳು ದಾಟಿತು. ಅದಕ್ಕೆ ಒಂದೇ ಪದದ ಉತ್ತರ ಸಾಕಿತ್ತು. ಆದರೆ ಒಂದು ಪದ ಬರೆದು ಅಂಚೆಗೆ ಹಾಕುವ ಸ್ವಭಾವ ನನ್ನದಲ್ಲ ಎಂಬುದು ನಿನಗೆ ಗೊತ್ತು. ತಡವಾದದ್ದಕ್ಕೆ ಕ್ಷಮಿಸು. ಕಥೆ ಬೇಡವೆಂದರೂ ಕೇಳಬೇಕು. ಅಕ್ಕನಾಗಿ ಹುಟ್ಟಿದ್ದಕ್ಕೆ ಆ ಕಷ್ಟ ತಪ್ಪಿದ್ದಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು "ಹೂಂ" ಬಿಟ್ಟು ಬೇರೇನೂ ಆಡುವುದಿಲ್ಲ. ಇತ್ತ ನಿನ್ನ ಫೋನು ಬಂದ ಕೂಡಲೇ ಅಮ್ಮನಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತದೆ. ಒಲೆ ಹಚ್ಚದ ಹೊತ್ತಿನಲ್ಲೂ.

ಹಿಂದಿನ ಕಾಗದದಲ್ಲಿ ವಿಷಯವನ್ನು ಅರ್ಧಂಬರ್ಧ ಬರೆದಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಾರ್ಖಾನೆಯ ಪೆನ್ನನ್ನು ನೀನು ನೋಡಿದ್ದೀಯ. ಆರು ಮೂಲೆಯ ಪಾರದರ್ಶಕ ಮೈ, ಒಳಗೆ ಮಸಿಯ ಕಡ್ಡಿ, ಮೇಲೆ ನೀಲಿ ಮುಚ್ಚಳ. ಯಾರೂ ಆಸೆಪಟ್ಟು ಕೊಳ್ಳುವುದಿಲ್ಲ, ಕಳೆದುಹೋದರೆ ಯಾರೂ ಹುಡುಕುವುದಿಲ್ಲ, ಆದರೂ ಎಲ್ಲರ ಹತ್ತಿರವೂ ಒಂದು ಇರುತ್ತದೆ. ಅದರ ಡಬ್ಬಿಯ ಮೇಲಿರುವ "ಬರೆದಷ್ಟೂ ಬರೆಯುತ್ತೆ, ಬಿದ್ದರೂ ಬಾಳುತ್ತೆ" ನನ್ನ ಸಾಲು. ಆ ಒಂದು ಸಾಲನ್ನು ನೆಚ್ಚಿಕೊಂಡು ಅರ್ಧ ಆಯಸ್ಸು ಸಂಬಳ ತಿಂದಿದ್ದೇನೆ. ಉಳಿದ ಹೊತ್ತೆಲ್ಲ "ನಿಮ್ಮ ಪೆನ್ನು ಸೋರುತ್ತೆ" ಎಂದು ಬರೆಯುವವರಿಗೆ ವಿನಯದಿಂದ ಉತ್ತರಿಸುವುದು ನನ್ನ ಕೆಲಸ.

ನಾನು ಈ ಕೆಲಸಕ್ಕೆ ಸೇರಿದ ವರ್ಷ ನೀನು ನನಗೆ ಒಂದೂ ಕಾಗದ ಹಾಕಲಿಲ್ಲ. ನಮ್ಮಿಬ್ಬರ ತಮ್ಮ ಪುಟ್ಟ, ಪೆನ್ನಿನ ಮುಚ್ಚಳ ಗಂಟಲಿಗೆ ಸಿಕ್ಕಿ ಮಗುವಾಗಿದ್ದಾಗಲೇ ತೀರಿಕೊಂಡವನು. ಅಂಥ ಮನೆಯಿಂದ ಒಬ್ಬ ಹೋಗಿ ಪೆನ್ನಿನ ಕಾರ್ಖಾನೆಗೇ ಸೇರುವುದೆಂದರೆ ಯಾರಿಗಾದರೂ ವಿಚಿತ್ರ ಅನ್ನಿಸಬೇಕು. ಇದರಲ್ಲಿ ಗೂಢಾರ್ಥ ಏನೂ ಇರಲಿಲ್ಲ ಅಕ್ಕ, ಬೇರೆ ಕೆಲಸ ಸಿಗಲಿಲ್ಲ. ಪುಟ್ಟನ ಗಂಟಲಿಗೆ ಹೋದದ್ದು ನಮ್ಮ ಮುಚ್ಚಳವೋ ಬೇರೆಯವರದೋ ಅಂದು ಯಾರೂ ನೋಡಲಿಲ್ಲ. ನೀಲಿ ಮುಚ್ಚಳ, ಅಷ್ಟೇ. ಅವನಿಗೆ ಒಂದು ವರ್ಷ, ನನಗೆ ಐದು, ನಿನಗೆ ಒಂಬತ್ತು. ಕಾರ್ಖಾನೆಯಲ್ಲಿ ಈ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ.

ನಮ್ಮ ಮನೆಯ ಪದ್ಧತಿ ಮಾತ್ರ ನೀನು ಬಿಟ್ಟು ಹೋದಾಗ ಹೇಗಿತ್ತೋ ಹಾಗೇ ಇದೆ. ಪೆನ್ನು ಹೊಸ್ತಿಲು ದಾಟಿದ ಕೂಡಲೇ ಅಮ್ಮ ಮುಚ್ಚಳ ಕಿತ್ತು ಕಸದ ಡಬ್ಬಿಗೆ ಹಾಕುತ್ತಾಳೆ. ಮನೆಯಲ್ಲಿರುವ ಪೆನ್ನುಗಳೆಲ್ಲ ಬೋಳು ತಲೆಯವು. ಅಂಥದ್ದರಲ್ಲೇ ದಿನಾ ಪತ್ರಿಕೆಯ ಪದಬಂಧ ತುಂಬುತ್ತಾಳೆ. ಅಂಥದ್ದನ್ನೇ ನಾನು ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತೇನೆ. ನನ್ನ ಅಂಗಿಗಳ ಎಡಜೇಬಿನ ತಳ ಯಾವಾಗಲೂ ನೀಲಿ. "ಪೆನ್ನಿನ ಕಾರ್ಖಾನೆಯವನ ಜೇಬೇ ಹೀಗಾದ್ರೆ ಜನ ನಂಬೋದು ಹೇಗಪ್ಪಾ?" ಎಂದು ನಮ್ಮ ದೊಡ್ಡವರು, ಅಂದರೆ ಕಾರ್ಖಾನೆಯ ಮಾಲೀಕರು, ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ. "ಜಾಹೀರಾತು ಸಾರ್" ಎನ್ನುತ್ತೇನೆ.

ಮುಚ್ಚಳದ ತುದಿಗೆ ಒಂದು ಸಣ್ಣ ತೂತು ಕೊಟ್ಟರೆ, ಅದು ಮಗುವಿನ ಗಂಟಲಿಗೆ ಸಿಕ್ಕಿದರೂ ಉಸಿರಾಡಲು ಸ್ವಲ್ಪ ದಾರಿ ಉಳಿಯುತ್ತದೆ. ಆಸ್ಪತ್ರೆ ಮುಟ್ಟುವವರೆಗೆ ಅಷ್ಟು ಸಾಕಾಗಬಹುದು. ಬೇರೆ ಪೆನ್ನುಗಳಲ್ಲಿ ಅಂಥ ತೂತು ಬಂದು ಎಷ್ಟೋ ಕಾಲವಾಯಿತು. ನಾನು ಪ್ರತಿ ವರ್ಷ ಟಿಪ್ಪಣಿ ಕೊಡುತ್ತಿದ್ದೆ, ದೊಡ್ಡವರು ಪ್ರತಿ ವರ್ಷ "ನೋಡೋಣ" ಎಂದು ಅದರ ಮೇಲೆ ಚಹಾದ ಲೋಟ ಇಡುತ್ತಿದ್ದರು. ಈ ವರ್ಷ ಮುಚ್ಚಳದ ಅಚ್ಚು ಸವೆದುಹೋಯಿತು. ಹೊಸ ಅಚ್ಚು ಮಾಡಿಸಲೇಬೇಕು. ಒಮ್ಮೆ ಮಾಡಿಸಿದರೆ ನಾನು ನಿವೃತ್ತನಾದ ಮೇಲೂ ಅದೇ ನಡೆಯುತ್ತದೆ. ತೂತು ಬಿದ್ದರೆ ಈಗ ಬೀಳಬೇಕು, ಇಲ್ಲವಾದರೆ ನನ್ನ ಕಾಲದಲ್ಲಿ ಇಲ್ಲ.

ಅಚ್ಚಿನ ಎಂಜಿನಿಯರನ್ನು ನಾವು ಮಿಲಿಮೀಟರ್ ಎಂದು ಕರೆಯುತ್ತೇವೆ. ಮಗಳಿಗೆ ಎಷ್ಟು ವಯಸ್ಸು ಎಂದು ಕೇಳಿದರೂ ಮಿಲಿಮೀಟರಿನಲ್ಲಿ ಹೇಳುವ ಮನುಷ್ಯ. ಅವನು ನನ್ನ ಕಡೆಗೇ ಇದ್ದ. ಆದರೆ ದೊಡ್ಡವರು, "ನಮ್ಮ ಪೆನ್ನಿನ ಹೆಚ್ಚುಗಾರಿಕೆ ಏನು? ಬದಲಾಗದೆ ಇರೋದು. ಹಳೇ ಬಳಕೆದಾರರನ್ನ ಕರೆಸಿ ಕೇಳಿ. ಅವರು ಬೇಡ ಅಂದ್ರೆ ಬೇಡ, ಮುಗೀತು" ಎಂದುಬಿಟ್ಟರು. ಅಂಗಡಿಗಳಲ್ಲಿ ಹಚ್ಚಲು ನಾನೇ ಒಂದು ಚೀಟಿ ಬರೆದೆ: "ಬಹುಕಾಲದ ಗೆಳೆಯರೇ ಬನ್ನಿ, ಬಾಯಿ ತುಂಬ ದೂರು ತನ್ನಿ." ಪ್ರಾಸ ಕುಳಿತ ಖುಷಿಯಲ್ಲಿ, ಜನ ನಿಜವಾಗಿಯೂ ತರುತ್ತಾರೆಂಬುದು ಹೊಳೆಯಲಿಲ್ಲ.

ಹೋದ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸಿ, ಬಂದವರಿಗೆಲ್ಲ ಹಳೆಯ ಮುಚ್ಚಳದ್ದೊಂದು, ಮಾದರಿಗೆಂದು ಮುಚ್ಚಳಕ್ಕೆ ತೂತು ಕೊರೆದದ್ದೊಂದು ಪೆನ್ನು ಕೊಟ್ಟೆವು. ದೊಡ್ಡವರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಮೊದಲು ಎದ್ದವನು ಟೈಲರ್. "ಹೊಲಿದ ಕಾಲರಿನ ಮೂಲೆ ಚೂಪಾಗಿ ಹೊರಗೆ ಬರ್ಬೇಕಾದ್ರೆ ಇದರ ತುದಿಗಿಂತ ಒಳ್ಳೇ ಸಾಧನ ಇಲ್ಲ ಸಾರ್. ಕತ್ತರಿ ಬಳಸಿದ್ರೆ ಬಟ್ಟೆ ಹರಿಯುತ್ತೆ, ಬೆರಳು ಬಳಸಿದ್ರೆ ಮೂಲೆ ಮೊಂಡಾಗುತ್ತೆ."

"ಬರವಣಿಗೆ ಹೇಗಿದೆ?" ಎಂದೆ.

"ಬರೆಯುತ್ತೆ ಅನ್ಸುತ್ತೆ" ಎಂದ.

ನರ್ಸಮ್ಮ ತಲೆಯ ಗಂಟಿನಿಂದ ಒಂದು ಪೆನ್ನು ಕಿತ್ತು ತೋರಿಸಿದರು. "ವಾರ್ಡಿನಲ್ಲಿ ಪೆನ್ನು ಮೇಜಿನ ಮೇಲಿಟ್ರೆ ಡಾಕ್ಟರ ಜೇಬು ಸೇರುತ್ತೆ. ತಲೇಲಿದ್ರೆ ಕೀಳೋ ಧೈರ್ಯ ಯಾರಿಗೂ ಇಲ್ಲ. ಆರು ಮೂಲೆ ಇರೋದ್ರಿಂದ ಜಾರಲ್ಲ. ಅದೊಂದನ್ನ ಮಾತ್ರ ಬದಲಾಯಿಸಬೇಡಿ."

ಅವರ ಪಕ್ಕದಲ್ಲಿದ್ದವರು ಒಬ್ಬ ನಿವೃತ್ತ ಗುಮಾಸ್ತರು. ಮನೆಯಿಂದಲೇ ತಂದಿದ್ದ ಪೆನ್ನಿನ ಮುಚ್ಚಳವನ್ನು ಮೇಜಿನ ಮೇಲಿಟ್ಟರು. ಕಚ್ಚಿ ಕಚ್ಚಿ ಅದು ಬತ್ತಿಯ ಹಾಗಾಗಿತ್ತು. "ಮುಚ್ಚಳ ಕಚ್ಚದೆ ನಾನು ಒಂದು ಕಡತಾನೂ ವಿಲೇವಾರಿ ಮಾಡಿದವನಲ್ಲ. ಇದಕ್ಕೆ ತೂತು ಕೊಟ್ರೆ ಎಂಜಲು ಒಳಗಿಳಿಯುತ್ತೆ, ಮಸಿ ಒಣಗುತ್ತೆ."

"ಒಂದೂವರೆ ಮಿಲಿಮೀಟರಿಗೆ ಮಸಿ ಒಣಗಲ್ಲ" ಎಂದ ಮಿಲಿಮೀಟರ್.

"ಎಂಜಲು?"

"ಅದು ನಿಮ್ಮ ಕಡೆಯ ಸಮಸ್ಯೆ."

ಇಷ್ಟರವರೆಗೆ ನನಗೆ ಭಯವಿರಲಿಲ್ಲ. ಆಮೇಲೆ ಬಸ್ಸಿನ ಕಂಡಕ್ಟರ್ ಎದ್ದು ನಿಂತ. ಬಾಯಲ್ಲಿ ಎರಡೂ ಸಾಲು ಹಲ್ಲು ಕಾಣುವಂತೆ ನಗುವ, ನೋಡಿದ ಕೂಡಲೇ ಇಷ್ಟವಾಗುವಂಥ ಆಸಾಮಿ. "ಸಾರ್, ನನಗೆ ಕೊಟ್ಟಿದ್ದ ಸೀಟಿ ಕಳೆದುಹೋಗಿ ಹದಿನೈದು ವರ್ಷ ಆಯ್ತು. ಅವತ್ತಿಂದ ಬಸ್ಸು ಹೊರಡೋದು, ನಿಲ್ಲೋದು ಎಲ್ಲಾ ಇದರಲ್ಲೇ" ಎಂದು ಹಳೆಯ ಮುಚ್ಚಳವನ್ನು ಕೆಳತುಟಿಗೆ ಒತ್ತಿ ಊದಿದ. ಅಕ್ಕಾ, ಊಟದ ಕೋಣೆಯ ಲೋಟಗಳು ಝಣ್ ಎಂದವು. ಹೊರಗೆ ಲಾರಿಗೆ ಡಬ್ಬಿ ಹೇರುತ್ತಿದ್ದವರು ಕೆಲಸ ನಿಲ್ಲಿಸಿ ಇಣುಕಿದರು. ಆಮೇಲೆ ಹೊಸ ಮುಚ್ಚಳ ಊದಿದ. ಪುಸ್ ಎಂದಿತು, ಅಷ್ಟೇ.

"ನೋಡಿ ಸಾರ್. ಇದನ್ನ ಊದಿದ್ರೆ ಡ್ರೈವರ್ ಅಲ್ಲ, ಸೊಳ್ಳೆನೂ ನಿಲ್ಲಲ್ಲ."

ಅಲ್ಲಿಂದ ಸಭೆ ನನ್ನ ಕೈತಪ್ಪಿತು. ಎಲ್ಲರೂ ಊದತೊಡಗಿದರು. ಟೈಲರನಿಗೆ ಚೆನ್ನಾಗಿ ಬರುತ್ತಿತ್ತು. ಹುಡುಗನಾಗಿದ್ದಾಗ ಶಾಲೆಯಲ್ಲಿ ಇದಕ್ಕೇ ಏಟು ತಿಂದಿದ್ದನಂತೆ. ಗುಮಾಸ್ತರು ತಮ್ಮ ಬತ್ತಿಯನ್ನೂ ಊದಿ ನೋಡಿದರು. ದೊಡ್ಡವರೂ ಒಂದು ಮುಚ್ಚಳ ಎತ್ತಿಕೊಂಡು ಊದಿ, ಸದ್ದು ಬಂದಾಗ ಮಗುವಿನ ಹಾಗೆ ನಕ್ಕು, ನನ್ನ ಕಡೆ ನೋಡಿದರು. "ಹೋಯ್ತಲ್ಲಯ್ಯ ನಿನ್ನ ತೂತು" ಎನ್ನುವ ನೋಟ ಅದು. ಎಲ್ಲರೂ ಅಷ್ಟು ಸಂತೋಷವಾಗಿದ್ದರು. ಅದರ ಮಧ್ಯೆ ನಿಂತು ಪುಟ್ಟನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. "ಸುರಕ್ಷತೆಯ ದೃಷ್ಟಿಯಿಂದ" ಎಂದು ಏನೋ ಶುರುಮಾಡಿದೆ. ಸೀಟಿಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಆಗ ಕೊನೆಯ ಮೇಜಿನಿಂದ, "ಸಾರ್, ಇಲ್ಲಿ ಕಸದ ಡಬ್ಬಿ ಎಲ್ಲಿದೆ?" ಎಂದು ಒಂದು ದನಿ ಬಂತು.

ನನ್ನನ್ನು ಹೆತ್ತವಳು ನನ್ನನ್ನು ಸಾರ್ ಎಂದು ಕರೆದಳು ಅಕ್ಕ. ಅಂಗಡಿಯಲ್ಲಿ ನನ್ನದೇ ಚೀಟಿ ಓದಿಕೊಂಡು, ನನಗೊಂದು ಮಾತು ಹೇಳದೆ ಬಸ್ಸು ಹತ್ತಿ ಬಂದು ಕೂತಿದ್ದಾಳೆ. ಪೆನ್ನು ಹಂಚಿದವನು ಮಿಲಿಮೀಟರ್, ಹಾಗಾಗಿ ನಾನು ನೋಡಿರಲಿಲ್ಲ. ಎರಡೂ ಪೆನ್ನಿನ ಮುಚ್ಚಳಗಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು, ಎಸೆಯಲು ಜಾಗ ಹುಡುಕುತ್ತಿದ್ದಾಳೆ. ಕೈಗೆ ರೂಢಿಯಾದ ಕೆಲಸ.

ಎಲ್ಲರೂ ಗೊಳ್ಳೆಂದರು. "ಅಜ್ಜಿ, ಅಭಿಪ್ರಾಯ ಕೇಳ್ತಿರೋದೇ ಮುಚ್ಚಳದ ಬಗ್ಗೆ, ಅದನ್ನೇ ಎಸೀತೀರಲ್ಲ!" ಎಂದ ಕಂಡಕ್ಟರ್.

ಅಮ್ಮ ಅಂಗೈ ನೋಡಿಕೊಂಡಳು. ಅವಳಿಗೂ ನಗು ಬಂತು. ಮೊಣಕಾಲಿಗೆ ಕೈಕೊಟ್ಟು ಎದ್ದು, "ನಮ್ಮನೇಲಿ ಹೀಗೇನೇ. ಚಿಕ್ಕ ಮಕ್ಕಳು ಬಾಯಿಗೆ ಹಾಕ್ಕೋತವೆ ಅಂತ. ಈಗ ಚಿಕ್ಕವರು ಯಾರೂ ಇಲ್ಲ, ಅಭ್ಯಾಸ ಹೋಗಿಲ್ಲ" ಎಂದಳು. ಆಮೇಲೆ ಕಂಡಕ್ಟರನ ಕಡೆ ತಿರುಗಿ, "ನಿನಗೆ ಸೀಟಿ ತಾನೇ ಬೇಕಾಗಿರೋದು? ಸೀಟಿ ಅಂಗಡೀಲಿ ಸಿಗುತ್ತಪ್ಪ. ನಾನೇ ಕೊಡಿಸ್ತೀನಿ" ಎಂದಳು.

"ಮಕ್ಕಳು ಬಾಯಿಗೆ ಹಾಕ್ಕೋತವೆ ಅಂತ ಪೆನ್ನನ್ನೇ ಬದಲಾಯಿಸೋಕಾಗುತ್ತಾ ತಾಯಿ?" ಎಂದರು ಗುಮಾಸ್ತರು. ಒರಟಾಗಿ ಹೇಳಲಿಲ್ಲ, ಕಡತಕ್ಕೆ ಷರಾ ಬರೆಯುವ ಧಾಟಿಯಲ್ಲೇ ಹೇಳಿದರು. "ನಾಣ್ಯ ಇದೆ, ಗುಂಡಿ ಇದೆ, ಗೋಲಿ ಇದೆ. ಎಲ್ಲಕ್ಕೂ ತೂತು ಹೊಡೀತೀವಾ? ಮಕ್ಕಳನ್ನ ಮನೆಯವರು ನೋಡ್ಕೋಬೇಕು."

"ನಿಮಗೆಷ್ಟು ಮಕ್ಕಳು?"

"ಮೂರು."

"ನೋಡ್ಕೊಂಡವರು ನೀವೋ, ನಿಮ್ಮ ಮನೆಯಾಕೆಯೋ?"

ನರ್ಸಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಗುಮಾಸ್ತರು ಬತ್ತಿಯನ್ನು ಬಾಯಿಗಿಟ್ಟುಕೊಂಡರು.

"ನನಗೂ ಮೂರು ಮಕ್ಕಳು" ಎಂದಳು ಅಮ್ಮ. "ಒಂದು ಹೋಯ್ತು. ಇಂಥದ್ದೇ ಮುಚ್ಚಳ." ಅಷ್ಟು ಹೇಳಿ, ಎಸೆಯಲು ಹಿಡಿದಿದ್ದ ಮುಚ್ಚಳಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಕೂತಳು. ದನಿ ಏರಲಿಲ್ಲ, ಇಳಿಯಲಿಲ್ಲ. ತರಕಾರಿಯವನಿಗೆ ಚಿಲ್ಲರೆಯಿಲ್ಲ ಎನ್ನುವ ಹಾಗೆ ಹೇಳಿದಳು.

ನಾನು ಕಿಟಕಿಯ ಕಡೆ ನೋಡಿದೆ. ಮಿಲಿಮೀಟರ್ ಒಮ್ಮೆ ಅಮ್ಮನ ಮೂಗು ನೋಡಿದ, ಒಮ್ಮೆ ನನ್ನ ಮೂಗು. ಅಳತೆಯ ಮನುಷ್ಯ, ಅವನಿಗೆ ತಿಳಿದುಹೋಯಿತು.

ನರ್ಸಮ್ಮ ಪೆನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಳ್ಳುತ್ತಾ, "ಇರ್ಲಿ ಬಿಡ್ರೀ ತೂತು. ಅಷ್ಟು ಸಣ್ಣ ತೂತಿನಲ್ಲೇ ಉಸಿರಾಡ್ಕೊಂಡು ಬದುಕಿ ಬಂದ ಮಗೂನ ನಾನು ಎತ್ಕೊಂಡಿದ್ದೀನಿ" ಎಂದರು. ಕಂಡಕ್ಟರ್ ತುಟಿಯಲ್ಲಿದ್ದ ಮುಚ್ಚಳವನ್ನು ತೆಗೆದು ಅಂಗಿಗೆ ಒರೆಸಿ ಪೆನ್ನಿಗೆ ಹಾಕಿ, ಕೈಯೆತ್ತಿದ. ಆಮೇಲೆ ಟೈಲರ್. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಗುಮಾಸ್ತರು ಮಾತ್ರ "ನಾನು ತಟಸ್ಥ, ಹಾಗಂತ ಬರ್ಕೊಳ್ಳಿ" ಎಂದರು. ಬರೆದುಕೊಂಡೆ.

ಹಾಗಾಗಿ ಅಕ್ಕ, ನಿನ್ನ ಒಂದು ಸಾಲಿಗೆ ಉತ್ತರ: ಹಾಕುತ್ತಾರೆ. ಹೊಸ ಅಚ್ಚಿಗೆ ದೊಡ್ಡವರು ಸಹಿ ಹಾಕಿದ್ದಾರೆ. ಅವರು ಸಹಿ ಹಾಕುವಾಗ ಪೆನ್ನು ಬರೆಯಲಿಲ್ಲ, ಇನ್ನೊಂದು ಕೊಟ್ಟೆ. ಬೇಸಿಗೆಯ ಹೊತ್ತಿಗೆ ಹೊಸ ಮುಚ್ಚಳ ಅಂಗಡಿಗೆ ಬರಬಹುದು.

ಸಹಿ ಹಾಕಿ ಅವರು, "ಡಬ್ಬಿಗೆ ಒಂದು ಹೊಸ ಸಾಲು ಬರೆ. ತೂತು ಅನ್ನೋದು ಪ್ರಾಸಕ್ಕೆ ಬರ್ಲಿ" ಎಂದರು. ಒಂದು ವಾರ ಕೂತೆ. ತೂತು, ಮಾತು, ಕೂತು, ಸೋತು, ಹೂತು. ಯಾವುದೂ ಡಬ್ಬಿಯ ಮೇಲೆ ಹಾಕುವಂಥದ್ದಲ್ಲ. "ಹಳೇ ಸಾಲೇ ಇರ್ಲಿ ಸಾರ್" ಎಂದೆ. ಈ ಕೆಲಸದಲ್ಲಿ ಪ್ರಾಸ ಸಿಗದೆ ಕೈಚೆಲ್ಲಿದ್ದು ಇದೇ ಮೊದಲು. ಅವರು "ಆಗಲಿ" ಎಂದುಬಿಟ್ಟರು. ಮಿಲಿಮೀಟರ್ ಏನಾದರೂ ಹೇಳಿದ್ದಾನೋ ಏನೋ, ಈಗ ನನ್ನ ಜೇಬಿನ ಬಗ್ಗೆಯೂ ಅವರು ಮಾತಾಡುತ್ತಿಲ್ಲ.

ಉಳಿದಂತೆ ಸುದ್ದಿ ಹೆಚ್ಚಿಲ್ಲ. ಹಿತ್ತಿಲ ಕೊಳಾಯಿ ಮತ್ತೆ ಸೋರುತ್ತಿದೆ. ನಿನ್ನ ನಾದಿನಿ, ಅಂದರೆ ನನ್ನ ಹೆಂಡತಿ, ನಾನು ರಿಪೇರಿ ಮಾಡಿದ ಮೇಲೆ ಜಾಸ್ತಿಯಾಯಿತು ಎನ್ನುತ್ತಾಳೆ. ಇಬ್ಬರ ಅಭಿಪ್ರಾಯವನ್ನೂ ಪರಿಗಣಿಸಲಾಗುತ್ತಿದೆ. ಭಾವನಿಗೆ ನನ್ನ ನಮಸ್ಕಾರ, ನಿನ್ನ ಮಗಳಿಗೆ ಆಶೀರ್ವಾದ. ಅವಳು ಓದಿದ್ದೆಲ್ಲ ನೆನಪಿರಲಿ, ಬರೆದದ್ದೆಲ್ಲ ಸರಿಯಿರಲಿ. ಅಮ್ಮ ನಿನಗೆ ಆಶೀರ್ವಾದ ಹೇಳಲು ಹೇಳಿದ್ದಾಳೆ. ಇದು ನಾನಾಗಿ ಸೇರಿಸಿದ್ದಲ್ಲ. ಇಷ್ಟು ವರ್ಷ ಸೇರಿಸುತ್ತಿದ್ದದ್ದು ನಾನು, ಈ ಸಲ ಅವಳೇ ಹೇಳಿದ್ದು.

ಇಂತಿ ನಿನ್ನ ಪ್ರೀತಿಯ
ತಮ್ಮ

ಮರೆತ ಮಾತು: ಮರೆತದ್ದಲ್ಲ. ಹೇಗೆ ಬರೆಯುವುದೆಂದು ತಿಳಿಯದೆ ಸೀಟಿ, ಕಾಲರು ಎಂದು ಇಷ್ಟು ಹಾಳೆ ತುಂಬಿಸಿದೆ. ತಡವಾದದ್ದೂ ಇದಕ್ಕೇ.

ಸಭೆ ಮುಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಅವಳು ಕನ್ನಡಕ ಒರೆಸಿಕೊಳ್ಳುತ್ತಾ, "ಮನೆಯವರು ನೋಡ್ಕೋಬೇಕು ಅಂದ್ನಲ್ಲ ಆ ಮನುಷ್ಯ, ಸರಿಯಾಗೇ ಹೇಳ್ದ" ಎಂದಳು. ನಾನು, "ಬಿಡಮ್ಮ, ಅಕ್ಕಂಗೆ ಆಗ ಒಂಬತ್ತು ವರ್ಷ, ಅವಳಿಗೇನು ತಿಳಿಯುತ್ತೆ" ಎಂದೆ. ಪುಟ್ಟ ತೀರಿಕೊಂಡ ದಿನ ಮನೆಗೆ ಬಂದವರಿಗೆಲ್ಲ ಅಮ್ಮ ಹೇಳಿದ್ದ ಮಾತಷ್ಟೇ ನನಗೆ ಗೊತ್ತಿದ್ದದ್ದು: "ಇವಳ ಕೈಲಿ ಮಗು ಬಿಟ್ಟು ನೀರು ತರೋಕೆ ಹೋಗಿದ್ದೆ." ಅಪ್ಪ ನಂಬಿದರು, ನೆಂಟರು ನಂಬಿದರು, ನಾನೂ ನಂಬಿದೆ.

ಅಮ್ಮ ಕನ್ನಡಕ ಹಾಕಿಕೊಳ್ಳಲಿಲ್ಲ. "ಅವಳು ಮನೇಲೇ ಇರ್ಲಿಲ್ಲ ಕಣೋ" ಎಂದಳು. "ನೂಲು ತಗೊಂಬಾ ಅಂತ ನಾನೇ ಅಂಗಡಿಗೆ ಕಳಿಸಿದ್ದೆ. ನಾನು ಅಲ್ಲೇ ಕೂತು ಅಂಗಿ ಹೊಲೀತಿದ್ದೆ. ಅವನ ಕೈಲಿ ಮುಚ್ಚಳ ಇದ್ದದ್ದು ನೋಡ್ದೆ. ಅಷ್ಟು ಹೊತ್ತಿಂದ ಅಳ್ತಿದ್ದವನು ಸುಮ್ನಾಗಿದ್ದ. ಸುಮ್ನಿದಾನಲ್ಲ, ಇರ್ಲಿ ಅಂತ ಬಿಟ್ಟೆ. ಜನ ಬಂದು ಏನಾಯ್ತು, ಏನಾಯ್ತು ಅಂತ ಕೇಳಿದಾಗ ಬಾಯಿಗೆ ಆ ಮಾತು ಬಂದುಬಿಡ್ತು. ಅವಳು ನೂಲಿನ ಉಂಡೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ಲು. ಕೇಳಿಸ್ಕೊಂಡ್ಲು. ಇಲ್ಲ ಅನ್ನಬಹುದಿತ್ತು. ಅನ್ಲಿಲ್ಲ. ಅವತ್ತೂ ಅನ್ಲಿಲ್ಲ, ಆಮೇಲೂ ಅನ್ಲಿಲ್ಲ. ಅವಳು ಒಂದು ಸಲನಾದ್ರೂ ಜಗಳ ಆಡಿದ್ದಿದ್ರೆ ನನಗೆ ಅವಳ ಮುಖ ನೋಡೋಕಾಗ್ತಿತ್ತು."

ನಮ್ಮ ಬಸ್ಸು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ.

ಅಕ್ಕ, ನೀನು ಇದನ್ನು ಎಲ್ಲಿಟ್ಟುಕೊಂಡಿದ್ದೆಯೋ ನಾನು ಕೇಳುವುದಿಲ್ಲ. ಇದನ್ನು ನಿನಗೆ ಬರೆಯಕೂಡದೆಂದು ಅಮ್ಮ ಅಲ್ಲೇ ನನ್ನ ಕೈಹಿಡಿದು ಆಣೆ ಹಾಕಿಸಿಕೊಂಡಳು. ಅವತ್ತಿನಿಂದ ದಿನಾ ಬೆಳಿಗ್ಗೆ, ನಾನು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ತಿರ ಬಂದು ನಿಂತು ಕೇಳುತ್ತಾಳೆ: "ಅಕ್ಕಂಗೆ ಕಾಗದ ಹಾಕಿದ್ಯಾ?"